ಜಹಾಜಿಗೆ ಹೊಂಟವನ ದಾರಿ ಖರ್ಚು

ಅಂದು ಬೆಳಿಗ್ಗೆ ಹಲ್ಲುಜ್ಜಿ ಮುಗಿಸುವ ಮೊದಲೇ ಇಬ್ಬರು ಬಂದು ತಾಯಣ್ಣನನ್ನು ಮಾಫ್ ಮಾಡಿ ಹೋಗಿದ್ದರು. ಒಬ್ಬ ಗಂಜಿನ, ಅಂದರೆ ಹತ್ತಿ-ಕಾಳಿನ ಪೇಟೆಯ, ಹಮಾಲ. ಇನ್ನೊಬ್ಬ ಯಾರೆಂದು ತಾಯಣ್ಣನಿಗೆ ಕೊನೆಗೂ ಗುರುತು ಹತ್ತಲಿಲ್ಲ. ಆ ಗುರುತಿಲ್ಲದವನು ಅವನ ಎರಡೂ ಕೈ ಹಿಡಿದುಕೊಂಡು, "ಆಗಿದ್ದು ಆಗಿಹೋತು, ನನ್ನ ಮನಸಿನಾಗ ಏನೂ ಇಲ್ಲ ನೋಡಪಾ" ಎಂದು ಕಣ್ಣಲ್ಲಿ ನೀರು ತಂದು, ಮಡಚಿದ ಎರಡು ರೂಪಾಯಿ ನೋಟನ್ನು ಅಂಗೈಗೆ ತುರುಕಿ, "ದಾರಿ ಖರ್ಚಿಗಿ" ಎಂದು ಹೊರಟೇಹೋದ. ಏನು ಆಗಿತ್ತು, ಯಾವಾಗ ಆಗಿತ್ತು, ತಾನು ಅವನಿಗೆ ಮಾಡಿದ ಅನ್ಯಾಯವಾದರೂ ಯಾವುದು ಎಂದು ಕೇಳೋಣವೆಂದರೆ ತಾಯಣ್ಣನ ಬಾಯಲ್ಲಿ ಬೇವಿನಕಡ್ಡಿ ಇತ್ತು. ಉಗುಳಿ ಬರುವಷ್ಟರಲ್ಲಿ ಆಸಾಮಿ ಓಣಿ ತಿರುಗಿದ್ದ.

"ಯಾರದು?" ಎಂದು ಒಲೆಯ ಮುಂದಿನಿಂದ ಯಮನಮ್ಮ ಕೇಳಿದಳು.

"ಯಾರೋ. ಮಾಫ್ ಮಾಡಿ ಹೋದ್ರು."

"ಎಷ್ಟು ಕೊಟ್ರು?"

"ಎರಡು."

"ಎರಡು ರೂಪಾಯಿದು ಅಂದ್ರ ಸಣ್ಣ ತಪ್ಪೇ ಇರಬೇಕು ತಗಾ" ಎಂದು ಹೆಂಡತಿ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಇದೆಲ್ಲ ಹತ್ತಿಕೊಂಡದ್ದು ಒಂದು ಮಾತಿನಿಂದ. ತಾಯಣ್ಣ ಸೂಗಪ್ಪ ಸಾಹುಕಾರನ ಜಿನ್ನಿನಲ್ಲಿ, ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಬಂದ ಹತ್ತಿ ಹಸಿಯೋ ಒಣವೋ ನೋಡುವವನು. ಒಂದು ದಿನ ಚಹಾ ಕುಡಿಯುವಾಗ, ಅರಳೆ ಒತ್ತುವ ಪ್ರೆಸ್ಸಿನ ಮೇಲೆ ಕೆಲಸ ಮಾಡುವ ಜಿಲಾನಿ ಪಾಷಾನ ಮುಂದೆ, ಸುಮ್ಮನೆ ಬಾಯಿಗೆ ಬಂದಂತೆ, "ಈ ಸುಗ್ಗಿ ಮುಗೀಲಿ ಪಾಷಾ, ನಾ ಒಂದು ಸಲ ಜಹಾಜಿಗಿ ಹೋಗ್ತೀನಿ" ಎಂದುಬಿಟ್ಟಿದ್ದ. ರಾಯಚೂರಿನಲ್ಲಿ ಬಸ್ಸಿಗೆ ಹೋಗುವುದೆಂದರೆ ಸಂತೆಗೋ ಬೀಗರ ಊರಿಗೋ ಹೋಗುವುದು, ರೈಲಿಗೆ ಹೋಗುವುದೆಂದರೆ ಎಲ್ಲಿಗೆ ಬೇಕಾದರೂ ಹೋಗುವುದು. ಆದರೆ ಜಹಾಜಿಗೆ ಹೋಗುವುದೆಂದರೆ ಒಂದೇ ಅರ್ಥ. ನಿಜಾಮನ ಕಾಲದಿಂದಲೂ ಈ ಊರಿನಿಂದ ಜಹಾಜು ಹತ್ತಿದವರು ಹಜ್ ಯಾತ್ರೆಗೆ ಹೋದವರೇ. ಹೊರಡುವ ಮೊದಲು ಅವರು ಮನೆಮನೆಗೆ ಹೋಗಿ ಕೈ ಹಿಡಿದು, ಅಂದದ್ದು ಆಡಿದ್ದು ಮಾಫ್ ಮಾಡಿರೆಂದು ಕೇಳಬೇಕು. ಯಾಕೆಂದರೆ ನೀರಿನ ಮೇಲೆ ಹೋದವನು ತಿರುಗಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೇಳಿಸಿಕೊಂಡವರು ಮಾಫ್ ಮಾಡಬೇಕು, ಕೈಲಾದಷ್ಟು ದಾರಿ ಖರ್ಚಿಗೆ ಕೊಡಬೇಕು. ಎಲ್ಲಿ ಬರೆದಿದೆಯೋ ಯಾರಿಗೂ ಗೊತ್ತಿಲ್ಲ, ಊರಿನ ರೂಢಿ. ಪಾಷಾನ ಅಪ್ಪ ಹೀಗೆಯೇ ಹೋಗಿ, ಹೀಗೆಯೇ ತಿರುಗಿ ಬರದೆ ಉಳಿದವನು. ಆದ್ದರಿಂದ ಪಾಷಾ ಚಹಾದ ಬಸಿ ಕೆಳಗಿಟ್ಟು ಎದ್ದು, ತಾಯಣ್ಣನನ್ನು ಅಪ್ಪಿಕೊಂಡು, "ಕಹಾ-ಸುನಾ ಮಾಫ್, ಭಾಯಿ!" ಎಂದು ಬಿಕ್ಕಿದ. ಜಿನ್ನಿನ ಜನ ಕೂಡಿತು. ತಾಯಣ್ಣ ಮಕ್ಕಾಕ್ಕೆ ಹೇಗೆ ಹೋದಾನು ಎಂದು ಒಬ್ಬನೂ ಕೇಳಲಿಲ್ಲ. ಒಬ್ಬ ಕೇಳಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಪಾಷಾ, "ಮುಳುಗಿಸೋ ಮುಂದ ಸಮುದ್ರ ಜಾತಿ ಕೇಳ್ತದೇನಲೇ?" ಎಂದು ಆ ಬಾಯಿ ಮುಚ್ಚಿಸಿದ. ಅಂದಿನಿಂದ ಊರು ತಾಯಣ್ಣನನ್ನು ಮಾಫ್ ಮಾಡುವುದಕ್ಕೆ ನಿಂತಿತು.

ಜಹಾಜು ನಿಜ. ಆದರೆ ತಾಯಣ್ಣನ ಮನಸ್ಸಿನಲ್ಲಿದ್ದದ್ದು ಬೊಂಬಾಯಿಯಿಂದ ಗೋವಾಕ್ಕೆ ಹೋಗಿ ನಿಲ್ಲುವ ಜಹಾಜು. ಗೋವಾದಲ್ಲಿ ಅವನಿಗೆ ಕೆಲಸವಿರಲಿಲ್ಲ. ಗೋವಾ ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ಒಂದು ಕುರ್ಚಿ. ಸಾಹುಕಾರನ ಹಿಂದೆ ಅರಳೆಯ ಮಾದರಿ ಗಂಟು ಹೊತ್ತುಕೊಂಡು ಒಮ್ಮೆ ಬೊಂಬಾಯಿಗೆ ಹೋದಾಗ, ಬಂದರಿನ ಧಕ್ಕೆಯ ಹತ್ತಿರ ಸಾಹುಕಾರ ಯಾರನ್ನೋ ಕಾಣಲು ಒಳಗೆ ಹೋಗಿದ್ದ. ಹೊರಗೆ ನಿಂತ ತಾಯಣ್ಣನ ಕಣ್ಣೆದುರಿಗೆ ಬಿಳಿ ಜಹಾಜೊಂದು ನಿಂತಿತ್ತು. ಅದರ ಮೇಲಂತಸ್ತಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದ. ಕಾಲ ಮೇಲೆ ಕಾಲು. ಆಳೊಬ್ಬ ಬಂದು ಚಹಾ ಕೊಟ್ಟ. ಅವನು ಏಳಲಿಲ್ಲ, ಯಾರಿಗೂ ನಮಸ್ಕರಿಸಲಿಲ್ಲ. ಜಹಾಜು ಹೊರಟಿತು. ಅವನು ಕೂತಲ್ಲೇ ಹೋದ. ಕೂತಲ್ಲೇ ಹೋಗುವುದು! ತಾಯಣ್ಣನ ಇಡೀ ಜನ್ಮ ನಿಂತಲ್ಲೇ ಕಳೆದಿತ್ತು. ಹತ್ತಿ ನೋಡುವವನು ನಿಂತೇ ನೋಡಬೇಕು. ಸಾಹುಕಾರನೆದುರು ಕೂಡಬಾರದೆಂದು ಯಾರೂ ಅವನಿಗೆ ಹೇಳಿದ್ದಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವನ ಅಪ್ಪ ಗಿಲ್ಲೆಸುಗೂರಿನ ಗೌಡರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಮನುಷ್ಯ. ತಾಯಣ್ಣ ಚಪ್ಪಲಿ ಹಾಕಿಕೊಂಡೇ ನಿಲ್ಲುತ್ತಿದ್ದ. ಒಂದು ತಲೆಮಾರಿಗೆ ಇಷ್ಟು ಸುಧಾರಣೆ ಸಾಕೆಂದು ಲೋಕ ತೀರ್ಮಾನಿಸಿದಂತಿತ್ತು. ಕೆಳಗಿನ ದರ್ಜೆಯ ಟಿಕೇಟಿಗಾದರೆ ಅವನ ಕೂಡಿಟ್ಟ ಹಣ ಸಾಲುತ್ತಿತ್ತು, ಆದರೆ ಅಲ್ಲಿ ಚಾಪೆ ಹಾಸಿಕೊಂಡು ನೆಲದ ಮೇಲೆ ಕೂಡಬೇಕಂತೆ. ನೆಲ ರಾಯಚೂರಿನಲ್ಲೂ ಇದೆ. ಕುರ್ಚಿಯಿರುವುದು ಮೇಲಿನ ದರ್ಜೆಯಲ್ಲಿ, ಮೇಲಿನ ದರ್ಜೆ ಅವನ ಕೈಗೆ ಎಟುಕುವ ಮಾತಲ್ಲ.

ಮೊದಮೊದಲು ಜನ ಕೊಟ್ಟ ದಾರಿ ಖರ್ಚನ್ನು ಅವನು ಬೇಡ ಬೇಡವೆಂದ. ಇದು ಆ ಜಹಾಜಲ್ಲವೆಂದು ತಿಳಿಸಿ ಹೇಳಲು ನೋಡಿದ. ಯಾರಿಗೆ ಕೇಳುವ ಪುರುಸೊತ್ತು? ಎಲ್ಲರೂ ಮಾಫ್ ಮಾಡುವ ಭರದಲ್ಲಿದ್ದರು. ಒಂದು ದಿನ ಸ್ನಾನ ಮಾಡುತ್ತಿರುವಾಗ, ಮಾಫಿಗಳು ಹೀಗೆಯೇ ಬಂದರೆ ಕುರ್ಚಿ ದೂರವಿಲ್ಲ ಎನ್ನುವುದು ಹೊಳೆದು ಅವನು ಎತ್ತಿದ ತಂಬಿಗೆಯ ನೀರು ಸುರಿದುಕೊಳ್ಳುವುದನ್ನೇ ಮರೆತ. ಅಂದಿನಿಂದ ತಾನೇ ಮನೆ ಹುಡುಕಿಕೊಂಡು ಹೋಗಿ ಮಾಫಿ ಕೇಳತೊಡಗಿದ. ತೀನ್ ಕಂದೀಲು ಚೌಕದ ಪಾನ್ ಅಂಗಡಿಯವನು ಮಾಫ್ ಮಾಡಿದ, ಬಾಡಿಗೆ ಮನೆಯ ಮಾಲಕಿ ಬಸ್ಸಮ್ಮ ಬೈದು ಬೈದು ಮಾಫ್ ಮಾಡಿದಳು. ಸಾಹುಕಾರನೂ ಮಾಡಿದ. "ರೈತರ ಹತ್ತಿ ಹಸಿ ಅಂತ ನೀ ಅಂದಿ, ನಾ ತೂಕ ಮುರಕೊಂಡೆ. ಬಾಯಿ ನಿಂದು, ಹಂಗಾಗಿ ಪಾಪಾನೂ ನಿಂದ. ಆದ್ರೂ ನನ್ನ ಮನಸಿನಾಗ ಏನೂ ಇಟಗೊಂಡಿಲ್ಲ" ಎಂದು ಗಾದಿಯ ಮೇಲೆ ಒರಗಿದಲ್ಲಿಂದಲೇ ಹರಿದು ಅಂಟಿಸಿದ ಐದರ ನೋಟೊಂದನ್ನು ಚಾಚಿದ. ತಾಯಣ್ಣ ನಿಂತುಕೊಂಡೇ ಅದನ್ನು ಇಸಿದುಕೊಂಡ. ಬಂದದ್ದನ್ನೆಲ್ಲ, ಕೂಡಿಟ್ಟದ್ದನ್ನೂ ಸೇರಿಸಿ, ಬನಿಯನ್ನಿನ ಒಳಜೇಬಿನಲ್ಲಿ ಇಟ್ಟು ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದ. ಮನೆಯಲ್ಲಿಟ್ಟರೆ ಮಾಫ್ ಮಾಡಲು ಬಂದವರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆ.

ಸಾಹುಕಾರ ಹೇಳಿದ್ದು ಸುಳ್ಳಲ್ಲವೆನ್ನುವುದೇ ತಾಯಣ್ಣನ ಸಂಕಟ. ಗಾಡಿ ಬಂದು ನಿಂತ ಕೂಡಲೆ ಅವನು ಹತ್ತಿ ತುಂಬಿದ ದೊಡ್ಡ ಚೀಲದ, ಅಂಡಿಗೆಯ, ಒಳಗೆ ಮೊಣಕೈತನಕ ಕೈ ತೂರಿಸಬೇಕು, ಒಂದು ಹಿಡಿ ಹಿಸುಕಬೇಕು, ಆಮೇಲೆ ಮಾತಾಡಬೇಕು. "ಹಸಿ ಅದ." ಅಷ್ಟೇ. ಆ ಮಾತಿಗೆ ತೂಕದಲ್ಲಿ ಕಡಿತ. ಈ ಕೆಲಸಕ್ಕೆ ಬಂದ ಮೊದಲ ದಿನ ಸಾಹುಕಾರ ಬೆನ್ನ ಹಿಂದೆ ನಿಂತಿದ್ದ. ತಾಯಣ್ಣ ಕೈ ಹಾಕಿದ, ಹಸಿಯೆನ್ನಿಸಿತು, ಹಸಿಯೆಂದ. ಸಾಹುಕಾರ ಅವನ ಭುಜ ತಟ್ಟಿದ. ಮರುದಿನವೂ ಹಸಿಯೆನ್ನಿಸಿತು. ಆಮೇಲೆ ಇಪ್ಪತ್ತು ವರ್ಷ, ಬೇಸಿಗೆಯ ಉರಿಬಿಸಿಲಿನಲ್ಲಿ ಬಂದ ಹತ್ತಿಯೂ, ಕಲ್ಲು ಸೀಳುವ ಬಿಸಿಲಿನ ಯಾಪಲದಿನ್ನಿಯ ಹತ್ತಿಯೂ, ಅವನ ಕೈಗೆ ಹಸಿಯಾಗಿಯೇ ಹತ್ತುತ್ತ ಬಂತು. ಇದು ಹೇಗೆ ಸಾಧ್ಯವೆಂದು ತಿಳಿಯದಿರಲು ಅವನೇನೂ ದಡ್ಡನಲ್ಲ, ಬಲ್ಲ. ನನಗೆ ಹಾಗೆನ್ನಿಸುವುದಿಲ್ಲ, ಸಾಹುಕಾರನ ಭಯಕ್ಕೆ ನಾನೇ ಹಾಗೆನ್ನಿಸುವಂತೆ ಮಾಡಿಕೊಳ್ಳುತ್ತೇನೆ. ನಾನು ಸುಳ್ಳುಗಾರ, ಕೈ ಕೂಡ ಸುಳ್ಳು ಕಲಿತಿದೆ ಎಂದು ಉಣ್ಣುವಾಗ ಬಲಗೈಯನ್ನೇ ನೋಡುತ್ತ ಕೂಡುತ್ತಿದ್ದ. ಯಮನಮ್ಮ, ಸಾರಿನಲ್ಲಿ ಕಲ್ಲು ಬಂತೇನೋ ಎಂದುಕೊಳ್ಳುತ್ತಿದ್ದಳು.

"ಮಾನ್ವಿ ವೆಂಕಕ್ಕ ಇನ್ನೂ ಮಾಫ್ ಮಾಡಾಕ ಬಂದಿಲ್ಲ" ಎಂದಳು ಆ ಬೆಳಿಗ್ಗೆ ಯಮನಮ್ಮ, ರೊಟ್ಟಿಯ ಗಂಟು ಕಟ್ಟಿಕೊಡುತ್ತ. ಅಂದು ಅಮಾವಾಸ್ಯೆ; ಗಂಜು ಬಂದ್, ಜಿನ್ನಿಗೂ ರಜೆ. ತಮ್ಮ ಜಿನ್ನಿಗೆ ಹತ್ತಿ ಹಾಕುವ ದೇವದುರ್ಗ, ಮಾನ್ವಿಯ ಕಡೆಯ ರೈತರಿಂದ ಮಾಫಿ ಕೇಳಿ ಬರಲು ತಾಯಣ್ಣ ಹೊರಟಿದ್ದ. ಅಲ್ಲಿ ಒಳ್ಳೆಯ ಬೆಳೆ ಬಂದಿತ್ತು, ದೊಡ್ಡ ನೋಟುಗಳ ಮಾಫಿ ಸಿಗುವ ಸಂಭವವಿತ್ತು.

"ಬರ್ತಾಳ ಬಿಡು."

"ಅಕಿ ಬರಂಗಿಲ್ಲ. ಮಾನ್ವಿತನಕ ಹೊಂಟೀದಿ, ನೀನ ಅಕಿ ಮನಿಗಿ ಹೋಗು. ಅಕಿ ಬಾಯಿಲೆ ಆತು ಅನ್ನಿಸ್ಕೊಳ್ಳಲಾರದ ನೀರಿನ ಮ್ಯಾಲ ಕಾಲಿಟ್ಟೀ ಅಂದ್ರ, ನೀ ತಿರುಗಿ ಬರೋತನಕ ನಾ ಇಲ್ಲಿ ತುತ್ತು ಮುಟ್ಟಂಗಿಲ್ಲ ನೋಡು." ಯಮನಮ್ಮ ತಾನು ಬರುತ್ತೇನೆಂದು ಒಮ್ಮೆಯೂ ಅಂದಿರಲಿಲ್ಲ, ಕಾಲುವೆಯ ದಂಡೆಗೆ ನಿಂತರೇ ತಲೆ ತಿರುಗುತ್ತದೆ ಅವಳಿಗೆ. ಕುರ್ಚಿ ಒಂದೇ ಸಾಕಾಗುವುದೆಂದು ಅವನಿಗೆ ಸಮಾಧಾನವಾಗಿತ್ತು, ಹಾಗೆ ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಗಿತ್ತು.

ವೆಂಕಮ್ಮ ಅವನ ಚಿಕ್ಕವ್ವನ ಮಗಳು, ಹಿರಿಯಳು, ಮಾನ್ವಿಗೆ ಕೊಟ್ಟವಳು. ಗಂಡ ಸತ್ತ ಮೇಲೆ ಇರುವ ಚೂರು ಹೊಲದಲ್ಲಿ ತಾನೇ ದುಡಿದು ಹತ್ತಿ ಬೆಳೆಯುತ್ತಾಳೆ. ಮೂರು ವರ್ಷದ ಹಿಂದೆ, ಯಾರದೋ ಗಾಡಿಯಲ್ಲಿ ತನ್ನದೊಂದು ಅಂಡಿಗೆ ಹಾಕಿಸಿಕೊಂಡು ರಾಯಚೂರಿಗೆ ಬಂದಿದ್ದಳು. ತಮ್ಮ ಇರುವ ಜಿನ್ನು, ಅನ್ಯಾಯವಾಗಲಿಕ್ಕಿಲ್ಲವೆಂಬ ನಂಬಿಕೆ. ಮಾಳಿಗೆಯ ಮೇಲೆ ಹರವಿ ಒಣಗಿಸಿ ತಂದಿದ್ದೇನೆ ಎಂದು ಅವಳು ಹೇಳುತ್ತಿರುವಾಗಲೇ ಹಿಂದೆ ಸಾಹುಕಾರ ಕೆಮ್ಮಿದ್ದ. ನಿಮ್ಮವಳು ಅಂತ ಬಿಡಬ್ಯಾಡ ಎನ್ನುವ ಕೆಮ್ಮು ಅದು; ಸಾಹುಕಾರನ ಕೆಮ್ಮುಗಳ ಅರ್ಥವೆಲ್ಲ ತಾಯಣ್ಣನಿಗೆ ಗೊತ್ತು. ಕೈ ಹಾಕಿದ. ಹಸಿ ಅದ ಎಂದ. ಉಳಿದವರಿಗಿಂತ ಒಂದು ಪಾಲು ಹೆಚ್ಚೇ ಕಡಿತ ಹೇಳಿದ. ವೆಂಕಮ್ಮ ಅವನ ಮುಖ ನೋಡಿದಳು, ಕೈ ನೋಡಿದಳು, ಗಾಡಿಯ ನೊಗದ ಹತ್ತಿರ ನೆಲಕ್ಕೆ ಕೂತು ಸೆರಗು ಸರಿಮಾಡಿಕೊಂಡಳು. ಮತ್ತೆ ರಾಯಚೂರಿಗೆ ಹತ್ತಿ ತರಲಿಲ್ಲ. ದೇವದುರ್ಗದ ಬಸ್ಸು ಗಬ್ಬೂರು ದಾಟುತ್ತಿರುವಾಗ, ಆ ಸೆರಗು ಸರಿಮಾಡಿಕೊಂಡದ್ದು ನೆನಪಾಗಿ ತಾಯಣ್ಣ, ಯಾರೋ ಕೇಳಿದರೋ ಎನ್ನುವಂತೆ ಗಟ್ಟಿಯಾಗಿ ಗಂಟಲು ಸರಿಮಾಡಿಕೊಂಡ. ಪಕ್ಕದಲ್ಲಿದ್ದವನು ಎಲೆಯಡಿಕೆ ಬೇಕೇನು ಎಂದ.

ದೇವದುರ್ಗದ ವಿರೂಪಣ್ಣ ವರ್ಷಕ್ಕೆ ಗಾಡಿಗಟ್ಟಲೆ ಹತ್ತಿ ಹಾಕುವ ಕುಳ. ಅಮಾವಾಸ್ಯೆಯೆಂದು ಎತ್ತುಗಳಿಗೂ ತನಗೂ ಬಿಡುವು ಕೊಟ್ಟು, ನಾಲ್ಕಾರು ಜನರೊಂದಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. "ಏ ಬಾರ್ಲೇ ಹಾಜೀ!" ಎಂದು ದೂರದಿಂದಲೇ ಕೂಗಿದ. ತಾಯಣ್ಣ ಕಟ್ಟೆಯ ಕೆಳಗೆ ನಿಂತು ಕೈಮುಗಿದು, ಬಾಯಿಪಾಠವಾಗಿದ್ದ ಮಾತು ಹೇಳಿದ. ಕಟ್ಟೆಯ ಮೇಲೆ ಇನ್ನೂ ಇಬ್ಬರು ಕೂಡುವಷ್ಟು ಜಾಗವಿತ್ತು.

"ಮಾಡಾಮಂತ. ಜಹಾಜು ಎಲ್ಲೀತನಕ ಹೋಗ್ತದ ಹೇಳು."

"ಗೋವಾತನಕ್ರಿ."

"ಗೋವಾಕ್ಕ? ಹುಬ್ಬಳ್ಳಿ ಮ್ಯಾಲೆ ಬಸ್ಸು ಹೋಗ್ತದಲ್ಲಲೇ!"

"ಹೋಗ್ತದ್ರಿ."

"ಮತ್ತ?"

ಕಟ್ಟೆಯ ಮೇಲೆ ಕೂತವರಿಗೆ ಕುರ್ಚಿಯ ವಿಷಯ ಹೇಗೆ ಹೇಳುವುದು?

"ತಿರುಗಿ ಬರ್ತೀಯೋ ಹೆಂಗ?"

"ಬರ್ತೀನ್ರಿ. ಒಂದು ನಾಕು ದಿನಕ್ಕ."

ವಿರೂಪಣ್ಣನ ಮುಖ ಇಳಿದುಹೋಯಿತು. ನಾಲ್ಕೇ ದಿನದಲ್ಲಿ ತಿರುಗಿ ಬಂದು ಮತ್ತೆ ಹತ್ತಿಯಲ್ಲಿ ಕೈ ಹಾಕುವವನನ್ನು ಪೂರಾ ಮಾಫ್ ಮಾಡುವುದು ನಷ್ಟದ ವ್ಯವಹಾರವೆಂದು ಅವನಿಗೆ ತೋಚಿತು. ಕಟ್ಟೆಯ ಮೇಲೆ ಚರ್ಚೆ ನಡೆಯಿತು. ಅರ್ಧ ಮಾಫ್ ಮಾಡಿದರೆ ಸಾಕೆಂದು ಒಬ್ಬ. ಹೋಗಿ ಬರುವತನಕ ಮಾಫ್, ಬಂದ ಮೇಲೆ ಮೊದಲಿನಂತೆ ಎಂದು ಇನ್ನೊಬ್ಬ. ಎಲ್ಲರಿಗಿಂತ ಹಿರಿಯನಾದ ಈರಯ್ಯ ಮಾತ್ರ ಬಾಯೊಳಗಿನ ಎಲೆಯಡಿಕೆ ಉಗುಳಿ, "ಗೋವಾಕ್ಕ ಹೋಗೋ ಜಹಾಜು ಮುಳುಗಬಾರದು ಅಂತೇನರ ಅದ ಏನು?" ಎಂದ. ಅದೇನೂ ಇಲ್ಲವೆಂದು ಎಲ್ಲರೂ ಒಪ್ಪಿದರು. ವಿರೂಪಣ್ಣನ ಮುಖ ಮತ್ತೆ ಗೆಲುವಾಯಿತು. "ಹಂಗಾರ ಪೂರಾ ಮಾಫ್ ತಗಾ!" ಎಂದ. ತನ್ನ ಸಾವಿನ ಸಾಧ್ಯತೆ ಇಷ್ಟು ಜನರಿಗೆ ಸಮಾಧಾನ ತಂದದ್ದನ್ನು ನೋಡಿ ತಾಯಣ್ಣನೂ, ಏನು ಮಾಡುವುದೆಂದು ತಿಳಿಯದೆ, ಹಲ್ಲು ಕಿರಿದ.

ಆಮೇಲೆ ನಡೆದದ್ದು ಅವನು ಎಣಿಸಿದ್ದಲ್ಲ. ವಿರೂಪಣ್ಣ ಕಟ್ಟೆಯಿಂದಿಳಿದು, ಹೆಗಲ ಮೇಲೆ ಕೈ ಹಾಕಿ, ಅವನನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದ. ಆ ಮನೆತನದ ಕೈ ತಾಯಣ್ಣನ ಹೆಗಲ ಮೇಲೆ ಬಂದದ್ದು ಅದೇ ಮೊದಲು. "ಹೆಂಗೂ ಹೊಂಟೀ, ಹೇಳೇಬಿಡ್ತೀನಿ" ಎಂದು ಪಿಸುಗುಟ್ಟಿದ. "ನೀ ನನ್ನ ಹತ್ತಿ ಹಸಿ ಅಂದಾಗೆಲ್ಲಾ ಅದು ಖರೇನ ಹಸೀನ ಇತ್ತು. ಗಾಡಿ ಹೇರೋ ಮುಂದ ನಾವ ನೀರು ಚಿಮುಕಿಸ್ತಿದ್ವಿ, ತೂಕಾಗ್ಲಿ ಅಂತ. ನಾ ಅಷ್ಟ ಅಲ್ಲ, ಇಲ್ಲಿ ಎಲ್ಲಾರೂ. ನಿನ್ನ ಕೈ ಖರೇ ಹೇಳ್ತಿತ್ತು, ನಾವು ಜಿನ್ನಿನ ಮುಂದ ನಿಂತು ಅನ್ಯಾಯ ಅನ್ಯಾಯ ಅಂತ ಬಾಯಿ ಬಡಕೋತಿದ್ವಿ. ನೀರಿನ ಮ್ಯಾಲ ಹೊಂಟವನ ಮುಂದ ಸುಳ್ಳು ಯಾಕ? ನೀ ಒಂದು ಸಲ ನನ್ನ ಮಾಫ್ ಮಾಡೀನಿ ಅಂದುಬಿಡು." ಹತ್ತರ ಎರಡು ನೋಟು ತಾಯಣ್ಣನ ಕೈಗೆ ಬಂದವು. "ಮಾಡೀನ್ರಿ" ಎಂದ ತಾಯಣ್ಣ. ಯಾರನ್ನಾದರೂ ಮಾಫ್ ಮಾಡಿದ್ದು ಅವನ ಜನ್ಮದಲ್ಲೇ ಮೊದಲು. ಬಾಯೆಲ್ಲ ಬೆಲ್ಲ ತಿಂದಂತಾಯಿತು. ವಿರೂಪಣ್ಣ ಕಟ್ಟೆಗೆ ಹೋಗಿ ಕೂತ. ಈರಯ್ಯ ಎದ್ದುಬಂದ. ಅವನ ಹಿಂದೆ ಮತ್ತೊಬ್ಬ. ಎಲ್ಲರೂ ಒಬ್ಬೊಬ್ಬರಾಗಿ ಮೂತ್ರಕ್ಕೆ ಹೋಗುವವರ ಹಾಗೆ ಕೊಟ್ಟಿಗೆಯ ಹಿಂದಕ್ಕೆ ಬಂದು, ನೀರು ಚಿಮುಕಿಸಿದ್ದನ್ನು ಪಿಸುಮಾತಿನಲ್ಲಿ ಒಪ್ಪಿ, ನೋಟು ಕೊಟ್ಟು, ಕಟ್ಟೆಗೆ ಮರಳಿ ಗಟ್ಟಿಯಾಗಿ ಬೇರೆ ವಿಷಯ ಮಾತಾಡತೊಡಗಿದರು. ಆಮೇಲೆ ಹೋಳಿಗೆ ಊಟವಾಯಿತು. ಅವರು ಒಳಗೆ ಉಂಡರು, ತಾಯಣ್ಣ ಕೊಟ್ಟಿಗೆಯ ಹತ್ತಿರ ಎಲೆಯಲ್ಲಿ ಉಂಡು ಎಲೆಯನ್ನು ತಾನೇ ಎತ್ತಿದ. ಮಾಫಿಯ ಮಾತು ಬೇರೆ, ಊಟದ ಮಾತು ಬೇರೆ.

ಮಾನ್ವಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಜೇಬು ಮುಟ್ಟಿಕೊಂಡ. ಕುರ್ಚಿ ಬಂದಿತ್ತು! ಮೇಲಿನ ದರ್ಜೆ, ಬೆತ್ತದ ಕುರ್ಚಿ, ಕೂತಲ್ಲಿಗೆ ಚಹಾ. ಅವನಿಗೆ ಕೂಗಬೇಕೆನ್ನಿಸಿತು. ಆದರೆ ಸಿರವಾರ ಬರುವಷ್ಟರಲ್ಲಿ ಸಂತೋಷದ ಕೆಳಗಿನಿಂದ ಇನ್ನೊಂದು ಏನೋ ಏಳತೊಡಗಿತು. ಹಾಗಾದರೆ ತಾನು ಸುಳ್ಳು ಹೇಳಿಯೇ ಇರಲಿಲ್ಲ. ಇಪ್ಪತ್ತು ವರ್ಷ ಅನ್ನ ನೋಡದೆ ಕೈ ನೋಡುತ್ತ ಕೂತದ್ದು, ರಾತ್ರಿ ಮಗ್ಗಲು ಬದಲಿಸಿದ್ದು, ದೇವರ ಮುಂದೆ ಗಲ್ಲ ಗಲ್ಲ ಬಡಿದುಕೊಂಡದ್ದು, ಎಲ್ಲ ಪುಕ್ಕಟೆ. ಪಾಪಿಯಾಗಿದ್ದೆನೆಂಬ ಒಂದು ಹಿರಿಮೆ ತನಗಿತ್ತು, ಅದನ್ನೂ ಈ ಜನ ಕೊಟ್ಟಿಗೆಯ ಹಿಂದೆ ಕರೆದು ಕಸಿದುಕೊಂಡರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಒಂದು ಆಸೆ ಮೂಡಿತು. ಎಲ್ಲರೂ ನೀರು ಚಿಮುಕಿಸಿದ್ದರೆ ವೆಂಕಕ್ಕನೂ ಯಾಕೆ ಚಿಮುಕಿಸಿರಬಾರದು? ಮೂರು ವರ್ಷ ಮನೆಗೆ ಬರದೆ ಇದ್ದದ್ದು ಸಿಟ್ಟಿಗಲ್ಲ, ನಾಚಿಕೆಗೆ ಯಾಕಿರಬಾರದು? ಹಾಗಿದ್ದರೆ ಕೇಳುವುದೇನೂ ಉಳಿಯುವುದಿಲ್ಲ, ಜಹಾಜಿಗೂ ತನಗೂ ನಡುವೆ ಯಾರೂ ಇರುವುದಿಲ್ಲ. ಕೆಟ್ಟ ವಿಚಾರವೆಂದು ಅವನಿಗೇ ಗೊತ್ತಾಯಿತು. ಬಿಡಲು ನೋಡಿದ, ಬಿಡಲಿಲ್ಲ. ಕಿಟಕಿಯಾಚೆ ಕಾಲುವೆಯ ನೀರು ಬಸ್ಸಿನ ಜೊತೆಗೇ ಬರುತ್ತಿತ್ತು. ಆ ನೀರು ನೋಡುತ್ತ, ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಮೆದುಮಾಡಿಕೊಂಡ.

ವೆಂಕಮ್ಮ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಮ್ಮನನ್ನು ನೋಡಿ ಮೊರ ಕೆಳಗಿಟ್ಟಳು.

"ಬಂದೇನು? ಜಹಾಜಿಗಿ ಹೊಂಟೀಯಂತ. ಮಾನ್ವಿತುಂಬ ಅದ ಸುದ್ದಿ."

"ಹೂಂ ಯಕ್ಕಾ." ತಿದ್ದಿ ಮೆದುಮಾಡಿಕೊಂಡ ಮಾತು ಬಾಯಿಗೆ ಬರುವಷ್ಟರಲ್ಲಿ ತನ್ನ ಮೊದಲಿನ ಗಡಸಿಗೇ ತಿರುಗಿತ್ತು. "ದೇವದುರ್ಗದಾಗ ಎಲ್ಲಾರೂ ಹತ್ತಿಗಿ ನೀರು ಹೊಡೀತಿದ್ರಂತ. ನೀನೂ ಆ ಸಲ... ಏನರ..."

ವೆಂಕಮ್ಮ ಅವನನ್ನು ನೋಡಿದಳು. ಮಡಿಲಿನ ಹೊಟ್ಟು ಕೊಡವಿ ಎದ್ದಳು. ತಾಯಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಒಳಗ ಬಾ" ಎಂದಳು.

ಒಳಗೆ ಗೋಡೆಯ ಮೂಲೆಯಲ್ಲಿ ಈ ವರ್ಷದ ಹತ್ತಿ ಮಾಳಿಗೆ ಮುಟ್ಟುವಂತೆ ಬಿದ್ದಿತ್ತು. ರಾಯಚೂರಿಗೆ ತರುವುದನ್ನು ಬಿಟ್ಟ ಮೇಲೆ, ಮನೆ ಬಾಗಿಲಿಗೆ ಬರುವ ದಲಾಲಿಗೆ ಅವನು ಹೇಳಿದ ದರಕ್ಕೆ ಕೊಡುತ್ತಿದ್ದಳು. ಅದರ ಮುಂದೆ ನಿಂತು, "ಕೈ ಹಾಕು. ನಿಂದ ಕೆಲಸ ಅಲ್ಲೇನು? ಹಾಕಿ ಹೇಳು" ಎಂದಳು.

ತಾಯಣ್ಣ ಅಂಗಿಯ ತೋಳು ಮೇಲೇರಿಸಿ ಕೈ ತೂರಿಸಿದ. ಹತ್ತಿ ಚಟಚಟ ಎಂದಿತು, ಕೈಯ ಹಿಂಬದಿಗೆ ಬೆಚ್ಚಗೆ ಹತ್ತಿತು. ಹಿಡಿ ಹಿಸುಕಿದ. ಹಸಿ. ಇದು ಹಸಿಯಿರಲಾರದು. ಇಲ್ಲಿ ಸಾಹುಕಾರನಿಲ್ಲ, ಕೆಮ್ಮಿಲ್ಲ. ಮತ್ತೊಂದು ಕಡೆ ಕೈ ಹಾಕಿದ, ಕೆಳಗೆ ಹಾಕಿದ, ಮಾಳಿಗೆಯ ಹತ್ತಿರ ತುದಿಗಾಲಲ್ಲಿ ನಿಂತು ಹಾಕಿದ. ಎಲ್ಲಿ ಹಿಸುಕಿದರೂ ಹಸಿ. ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು. ಅವನು ಕೈ ಹೊರಗೆ ತೆಗೆದು ಬೆಳಕಿಗೆ ಹಿಡಿದ. ಅಂಗೈಯ ಗೆರೆಗಳಲ್ಲಿ ನೀರು ನಿಂತಿತ್ತು. ಅಂಗಿಗೆ ಒರೆಸಿಕೊಂಡ, ಅವನು ನೋಡುತ್ತಿರುವಂತೆಯೇ ಮತ್ತೆ ಸಣ್ಣ ಸಣ್ಣ ಹನಿಗಳು ಮೂಡಿ, ಕೂಡಿ, ಗೆರೆಯಗುಂಟ ಇಳಿದವು. ಇಪ್ಪತ್ತು ವರ್ಷ ಅವನು ಕೈಯ ಬಗ್ಗೆ ವಿಚಾರ ಮಾಡಿದ್ದ. ಕೈಯನ್ನು ನೋಡಿದ್ದು ಮಾತ್ರ ಉಣ್ಣುವ ಕಾಲಕ್ಕೆ, ಯಾರ ಭಯವೂ ಇಲ್ಲದಾಗ.

"ಹತ್ತಿ ಒಣಾ ಅದ ಯಕ್ಕಾ" ಎಂದ. ಆ ಮಾತು ಅವನ ಬಾಯಿಗೆ ಹೊಸದು, ಅರ್ಧ ತೊದಲಿತು. "ಹಸಿ ಇರೋದು ಕೈ."

"ಗೊತ್ತದ" ಎಂದಳು ವೆಂಕಮ್ಮ. "ಸಣ್ಣಾವಿದ್ದಾಗ ಗೌಡ ಅಂಗಳದಾಗ ಬಂದ್ರ ಸಾಕು, ನಿನ್ನ ಕೈ ಹಿಂಗ ಬೆವರ್ತಿದ್ವು. ನಾ ಹಿಡಕೊಂಡ್ರ ಜಾರಿ ಜಾರಿ ಹೋಗ್ತಿದ್ವು."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

"ಸಾಹುಕಾರನ ಮುಂದ? ಹತ್ತಿ ನೋಡೋವನ ಕೈಯೇ ಹಸಿ ಅಂತ ನಾ ಹೇಳಿದ್ರ, ಮರುದಿನ ನಿನಗ ಕೆಲಸ ಇರ್ತಿತ್ತೇನಲೇ ಹುಚ್ಚಪ್ಯಾಲಿ?"

ತಾಯಣ್ಣ ಅಳತೊಡಗಿದ. ಗಂಡಸು ಅಳಬಾರದೆಂದು ನೆನಪಾಯಿತು, ಆದರೂ ಅತ್ತ. ಒಂದು ಅಂಡಿಗೆ ಹತ್ತಿಯ ಅನ್ಯಾಯವನ್ನು ನುಂಗಿ ಅವಳು ತನ್ನ ಅನ್ನ ಉಳಿಸಿದ್ದಳು. ತಾನೋ, ಅವಳೂ ಕಳ್ಳಿಯಾಗಿರಲಿ ಎಂದು ಹಾರೈಸುತ್ತ ಮೂವತ್ತು ಮೈಲಿ ಬಂದಿದ್ದ. ಒಳಜೇಬಿನ ಪಿನ್ನು ಬಿಚ್ಚಿದ. ಒದ್ದೆ ಕೈಯಲ್ಲಿ ಜಾರಿ ಅದು ಬೆರಳಿಗೆ ಚುಚ್ಚಿತು. ಇದ್ದದ್ದನ್ನೆಲ್ಲ, ಕೂಡಿಟ್ಟದ್ದು, ಓಣಿಯವರದು, ದೇವದುರ್ಗದ್ದು ಎಲ್ಲ ತೆಗೆದು ಅಕ್ಕನ ಮುಂದೆ ಹಿಡಿದ. ನೋಟುಗಳು ಅವನ ಕೈಯಲ್ಲಿ ಮೆತ್ತಗಾಗಿದ್ದವು. "ಆ ಸಲ ಮುರಿದದ್ದು" ಎಂದ.

ಬೇಡ ಬಿಡೋ ಎನ್ನುತ್ತಾಳೆಂದು ಕಾದ. ವೆಂಕಮ್ಮ ಕೈ ಚಾಚಿ ಇಸಿದುಕೊಂಡಳು.

"ಮುರಿದದ್ದಕ್ಕಿಂತ ಜಾಸ್ತಿ ಅದ ಅದು" ಎಂದ ತಾಯಣ್ಣ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಇರಲಿ. ಮೂರು ವರ್ಷ ತಡಾ ಮಾಡಿ ಬಂದೀದಿ" ಎಂದು ಅವಳು ನೋಟುಗಳನ್ನು ಎಣಿಸದೆ ಸೆರಗಿನ ತುದಿಯಲ್ಲಿ ಕಟ್ಟಿ ನಡುವಿಗೆ ಸಿಕ್ಕಿಸಿಕೊಂಡಳು. ಬಿಳಿಯ ಜಹಾಜು, ಬೆತ್ತದ ಕುರ್ಚಿ, ಕೂತಲ್ಲಿಗೆ ಬರುವ ಚಹಾ, ಎಲ್ಲ ಆ ಗಂಟಿನೊಳಗೆ ಹೋದದ್ದನ್ನು ತಾಯಣ್ಣ ಕಣ್ಣಾರೆ ಕಂಡ. ಕೆಳಗಿನ ದರ್ಜೆಯ ನೆಲವೂ ಅದರ ಜೊತೆಗೇ ಹೋಗಿತ್ತು. ಎದೆ ಹಗುರಾಯಿತು ಎಂದು ಹೇಳಬೇಕೆನ್ನಿಸಿತು, ಆದರೆ ಹಗುರಾದದ್ದು ಜೇಬು. ಅಕ್ಕ ಒಂದು ಸಲವಾದರೂ ಬೇಡ ಅನ್ನಬಹುದಿತ್ತಲ್ಲ ಎಂದು ಸಂಕಟವಾಯಿತು, ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಯಿತು, ಎರಡರ ನಡುವೆ ಅವನು ಕಣ್ಣೊರೆಸಿಕೊಳ್ಳುತ್ತ ನಿಂತ.

ವೆಂಕಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. ಜಾರದಂತೆ ಬಿಗಿಯಾಗಿ ಹಿಡಿದಳು. "ಆತು. ಇನ್ನ ನನ್ನ ಮನಸಿನಾಗ ಒಂದು ಎಳಿನೂ ಇಲ್ಲ, ನಿನ್ನಾಣಿ. ಈಗ ನೀ ಯಾವ ಜಹಾಜಿಗಿ ಬೇಕಾದ್ರೂ ಹೋಗು ತಮ್ಮಾ" ಎಂದಳು. ಖರೇ ಮನಸ್ಸಿನಿಂದ ಹೇಳಿದಳು, ಅವಳ ಕಣ್ಣೂ ತುಂಬಿತ್ತು. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿರುವಾಗ ಏನೋ ನೆನಪಾದವಳಂತೆ, "ನಿಂದ್ರು ನಿಂದ್ರು, ಜಹಾಜಿಗಿ ಹೊಂಟವಗ ಬರಿಗೈಲೆ ಕಳಸಬಾರದು" ಎಂದು ನಡುವಿನ ಗಂಟು ಬಿಚ್ಚಿ, ಅದರೊಳಗಿನ ಒಂದು ನೋಟು ಎಳೆದು, ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿ ಮುಚ್ಚಿದಳು.

"ದಾರಿ ಖರ್ಚಿಗಿ" ಎಂದಳು.

ಅದು ರಾಯಚೂರಿನ ಬಸ್ಸಿಗೆ ಸರಿಹೋಗುವಷ್ಟಿತ್ತು.